ಮೂರನೆಯ ದಿನದ ಹನಿ

ಹನಿ ಮತ್ತೆ ಗುಂಡಗೇ ನಿಂತಿತ್ತು. ಎತ್ತಪ್ಪ ದುರ್ಬೀನಿಗೆ ಒತ್ತಿದ್ದ ಕಣ್ಣನ್ನು ತೆಗೆದು, ಕರವಸ್ತ್ರದಿಂದ ಒರೆಸಿಕೊಂಡು, ಮತ್ತೆ ಒತ್ತಿ ನೋಡಿದ. ಅಲ್ಲ, ಕಣ್ಣು ಒರೆಸಿಕೊಂಡರೆ ಹನಿ ಚಪ್ಪಟೆಯಾಗುತ್ತದೆಯೇ? ಸೋಮವಾರ ಬೆಳಿಗ್ಗೆ ಇದೇ ಪಾಲಿಥೀನ್ ಪಟ್ಟಿಯ ಮೇಲೆ ಬಿಟ್ಟ ನೀರು ನೆಲಕ್ಕೆ ಚೆಲ್ಲಿದ ಮಜ್ಜಿಗೆಯಂತೆ ಹರಡಿಕೊಂಡಿತ್ತು. ಗುರುವಾರದ ಹೊತ್ತಿಗೆ ಅದೇ ಪಟ್ಟಿ, ನೀರು ಸೋಕಿದರೆ ಮೈಲಿಗೆಯೆಂಬಂತೆ ಮಡಿವಂತಿಕೆ ಮಾಡುತ್ತಿತ್ತು. ಪಾಲಿಥೀನಿನ ಹುಟ್ಟುಗುಣವೇ ಅದು. ನೀರಾಗಲಿ, ಮಸಿಯಾಗಲಿ, ಅಂಟಾಗಲಿ ಅದಕ್ಕೆ ಹತ್ತುವುದಿಲ್ಲ. ಆ ಗುಣ ಬಿಡಿಸುವುದೇ ಎತ್ತಪ್ಪನ ಪಿಎಚ್.ಡಿ. ಪಟ್ಟಿಯನ್ನು ಗಾಜಿನ ಗುಮ್ಮಟದೊಳಗಿಟ್ಟು, ಪಂಪು ಹಚ್ಚಿ ಗಾಳಿಯನ್ನು ಹೀರಿ ತೆಗೆದು, ಅಳಿದುಳಿದ ಗಾಳಿಯೊಳಗೆ ವಿದ್ಯುತ್ತು ಹಾಯಿಸಿದರೆ ಗುಮ್ಮಟದ ತುಂಬ ನೇರಳೆ ಬೆಳಕು ಏಳುತ್ತದೆ. ಪ್ಲಾಸ್ಮಾ. ಟ್ರಾನ್ಸ್‌ಫಾರ್ಮರು ದಾವಣಗೆರೆಯ ಒಂದು ಟಾಕೀಸಿನ ಹಳೆಯ ನಿಯಾನ್ ಬೋರ್ಡಿನದು, ಆದರೆ ಬೆಳಕು ಮಾತ್ರ ಪುಸ್ತಕದಲ್ಲಿದ್ದದ್ದೇ. ಚೂರಾದ ಗಾಳಿಯ ಕಣಗಳು ಪಟ್ಟಿಗೆ ಬಡಿದು ಅದರ ಮೇಲ್ಚರ್ಮವನ್ನು ಮಾತ್ರ ಬದಲಾಯಿಸುತ್ತವೆ. ಆಮ್ಲಜನಕ ಅಲ್ಲಿ ಹೋಗಿ ಕೂರುತ್ತದೆ, ನೀರಿನ ಜೊತೆ ನೆಂಟಸ್ತನ ಹುಟ್ಟುತ್ತದೆ. ಒಳಗಿನದು ಒಳಗೇ ಇರುತ್ತದೆ, ಮೈಯೊಂದು ಹೊಸದಾಗುತ್ತದೆ. ಹೊಸ ಮೈ ಕೆಲವು ವಾರವಾದರೂ ಬಾಳಬೇಕೆಂದು ಪುಸ್ತಕಗಳು ಹೇಳುತ್ತಿದ್ದವು. ಎತ್ತಪ್ಪನದು ಮೂರು ದಿನ ಬಾಳುತ್ತಿರಲಿಲ್ಲ. ಅವನು ಹನಿಯ ಅಂಚು ಪಟ್ಟಿಗೆ ತಾಗುವ ಕೋನ ಅಳೆದು, ನೋಟ್‌ಬುಕ್ಕಿನಲ್ಲಿ ತೊಂಬತ್ತೊಂದು ಡಿಗ್ರಿ ಎಂದು ಬರೆದು ಪಕ್ಕದಲ್ಲಿ ತಾರೀಖು ಹಾಕಿದ.

ಮೊದಲಾಗಿದ್ದರೆ ಬೈಯಲು ಒಬ್ಬ ಮನುಷ್ಯನಿದ್ದ. ಈ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹದಿನೆಂಟು ವರ್ಷ ಗಾಜು ತೊಳೆದ ಅಟೆಂಡರ್ ಕೆಂಚಣ್ಣ ಕೆಲಸ ಕಳೆದುಕೊಂಡು ಹೋಗಿ ಎಂಟು ತಿಂಗಳಾಗಿತ್ತು. ಅವನು ಹೋದ ಸಂಜೆಯೇ ಎತ್ತಪ್ಪ ಹಿಂಬದಿಯ ಈ ಕೋಣೆಗೆ ಹೊಸ ಬೀಗ ತಂದು ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಅಂದಿನಿಂದ ಪಟ್ಟಿಗಳನ್ನು ಇಕ್ಕಳದಿಂದಲ್ಲದೆ ಹಿಡಿದಿರಲಿಲ್ಲ. ಕಸ ಕೂಡ ತಾನೇ ಗುಡಿಸುತ್ತಿದ್ದ. ಲೆಕ್ಚರರು ಪೊರಕೆ ಹಿಡಿದದ್ದನ್ನು ಹುಡುಗರು ಕಿಟಕಿಯಲ್ಲಿ ನೋಡಿ ನಕ್ಕಿದ್ದೂ ಆಗಿತ್ತು. ಇಷ್ಟೆಲ್ಲ ಮಾಡಿಯೂ ಮೂರನೆಯ ದಿನ ಹನಿ ಗುಂಡಗೆ ನಿಲ್ಲುತ್ತಿತ್ತು. ಮನುಷ್ಯ ಹೋದ, ಕೈ ಇಲ್ಲೇ ಉಳಿಯಿತೇ? ಛೆ, ಕೆಮಿಸ್ಟ್ರಿ ಮೇಷ್ಟ್ರು ಯೋಚಿಸುವ ಯೋಚನೆಯೇ ಇದು! ಆದರೆ ಕಿಟಕಿಯ ಪಕ್ಕದ ಮೊಳೆಯ ಮೇಲೆ, ಕೆಂಚಣ್ಣ ಖಾಕಿ ಅಂಗಿ ತೂಗುಹಾಕುತ್ತಿದ್ದ ಆ ಮೊಳೆಯ ಮೇಲೆ, ಎತ್ತಪ್ಪನಿಗೆ ಇವತ್ತಿನವರೆಗೆ ಒಂದು ಟವಲು ಹಾಕಲೂ ಆಗಿರಲಿಲ್ಲ. ಮಧ್ಯಾಹ್ನ ಪಂಪು ನಿಲ್ಲಿಸಿದಾಗ ಬರುವ ನಿಶ್ಶಬ್ದದಲ್ಲಿ ಟೈರು ಚಪ್ಪಲಿ ಎಳೆಯುವ ಸದ್ದು ಕೇಳುತ್ತಿತ್ತು. ಹೋದ ತಿಂಗಳು ಒಂದು ಸಲ, ಬೆನ್ನ ಹಿಂದೆ “ತೊಳ್ದಿಟ್ಟೀನಿ ಸಾರ್” ಅಂದದ್ದು ಕಿವಿಗೆ ಬಿದ್ದು, ಅವನು ತಿರುಗಿಯೂ ನೋಡದೆ “ಹ್ಞೂಂ, ಇಡು” ಅಂದುಬಿಟ್ಟಿದ್ದ. ತಿರುಗಿದರೆ ಯಾರೂ ಇರಲಿಲ್ಲ. ಗೋಡೆಯ ಕ್ಯಾಲೆಂಡರ್ ಗಾಳಿಗೆ ಹಾರಾಡುತ್ತಿತ್ತು.

ಇದು ಶುರುವಾದದ್ದು ಹೋದ ವರ್ಷದ ಆಷಾಢದಲ್ಲಿ. ಬೆಂಗಳೂರಿನ ಗೈಡು ಮೂರು ಸಾಲಿನ ಕಾಗದ ಬರೆದಿದ್ದರು: ನಿಮ್ಮ ಅಳತೆಗಳು ದಿನಕ್ಕೊಂದು ತರ ಇವೆ, ಕಾರಣ ಕೊಡಿ, ಇಲ್ಲವಾದರೆ ಬೇರೆ ವಿಷಯ ಹುಡುಕಿಕೊಳ್ಳಿ. ಎತ್ತಪ್ಪ ಆ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡಿದ್ದ. ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಕೋಣೆಯವರು ಅವನು ಟ್ರಂಕು ತೆರೆದಾಗಲೆಲ್ಲ ಮೂಗು ಮುಚ್ಚಿಕೊಂಡು “ಬ್ಯಾ” ಅನ್ನುತ್ತಿದ್ದರು. ಆಗಿನಿಂದ ಅವನು ದಿನಕ್ಕೆ ಎರಡು ಸಲ ಸಾಬೂನು ಹಚ್ಚಿ ಸ್ನಾನ ಮಾಡಿ, ಕುತ್ತಿಗೆಗೆ ಪೌಡರು ಹಾಕಿ, ಇಂಗ್ಲಿಷಿನಲ್ಲಿ ಪಾಠ ಹೇಳಿ ಈ ಕುರ್ಚಿಯವರೆಗೆ ಬಂದಿದ್ದ. ಈಗ ಮೂರು ಸಾಲು ಅವನನ್ನು ವಾಪಸು ಕಳಿಸುತ್ತಿತ್ತು. ಕಾರಣ ಬೇಕಿತ್ತು. ಕಾರಣ ಲ್ಯಾಬಿನ ಕಲ್ಲುಬೆಂಚಿನ ಮೇಲೆ ಕೂತು, ಕಾಗದದ ಪೊಟ್ಟಣ ಬಿಚ್ಚಿ, ಎಣ್ಣೆ ಒಗ್ಗರಣೆಯ ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿಯ ಜೊತೆ ತಿನ್ನುತ್ತಿತ್ತು. ದಿನಾ ನಾಲ್ಕು ಗಂಟೆಗೆ ಕೆಂಚಣ್ಣನಿಗೆ ಅದು ಬೇಕೇಬೇಕು. ತಿಂದು, ಕೈಯನ್ನು ಖಾಕಿ ಚಡ್ಡಿಗೆ ಒರೆಸಿಕೊಂಡು, “ಬರ್ರಿ ಸಾರ್, ಒಂದು ಮುಕ್ಕು ಹಾಕ್ಕಳ್ರಿ” ಎಂದು ಎತ್ತಪ್ಪನನ್ನೂ ಕರೆಯುತ್ತಿದ್ದ. ಎತ್ತಪ್ಪ ಒಂದೆರಡು ಸಲ ತಿಂದೂ ಇದ್ದ. ಆವತ್ತು ಅವನು ಆ ಎಣ್ಣೆ ಕೈಯನ್ನೇ ನೋಡುತ್ತಾ ನಿಂತ.

ಮಾರನೆಯ ದಿನ ಪ್ರಿನ್ಸಿಪಾಲ್ ಹನುಮಂತಯ್ಯನವರ ಕೋಣೆಯಲ್ಲಿ ಸ್ಟಾಫಿನ ಎಂಟು ಹತ್ತು ಜನ ಸೇರಿದ್ದರು. ಮಾತು ಕಡಿಮೆ, ಹೆಚ್ಚು ದುಡಿಮೆ ಎಂದು ಎಲ್ಲ ಗೋಡೆಗಳ ಮೇಲೆ ಬರೆಸಿದ್ದ ಎಮರ್ಜೆನ್ಸಿ ಕಾಲ. ಒಬ್ಬ ಅಟೆಂಡರನ್ನು ಮನೆಗೆ ಕಳಿಸಲು ವಿಚಾರಣೆ, ನೋಟೀಸು ಏನೂ ಬೇಕಿರಲಿಲ್ಲ. ಎತ್ತಪ್ಪ ಹೊಸದಾಗಿ ಪ್ಲಾಸ್ಮಾ ಹೊಡೆದ ಅಗಲವಾದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಕೆಂಚಣ್ಣನನ್ನು ಕರೆದು, ಅದರ ಮೇಲೆ ಹೆಬ್ಬೆಟ್ಟು ಒತ್ತು ಅಂದ. ಕೆಂಚಣ್ಣನಿಗೆ ನಾಚಿಕೆಯಾಯಿತು. “ನಂಗೆ ಸೈನು ಬರ್ತತಿ ಸಾರ್,” ಅಂದ. ಎಲ್ಲರೂ ನಕ್ಕರು. ಒತ್ತಿದ. ಎತ್ತಪ್ಪ ಮೇಲಿಂದ ನೀರು ಸುರಿದ. ಹಾಳೆಯ ತುಂಬ ಹರಡಿದ ನೀರು ಹೆಬ್ಬೆಟ್ಟಿನ ಗುರುತಿನ ಹತ್ತಿರ ಬಂದು ನಿಂತು, ಸುತ್ತಲೂ ಸರಿದು, ನಡುವೆ ಆ ಒಂದು ಅಂಗುಲ ಜಾಗವನ್ನು ಒಣಗಿಸಿಯೇ ಬಿಟ್ಟಿತು. ಗೆರೆಗೆರೆಯೂ ಕಾಣುತ್ತಿತ್ತು. “ಅಬ್ಬಾ!” ಎಂದರು ಹನುಮಂತಯ್ಯ. ಫಿಸಿಕ್ಸಿನ ಈರಬಸಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಎಲ್ಲರಿಗಿಂತ ಹೆಚ್ಚು ಬೆರಗಾದವನು ಕೆಂಚಣ್ಣ. ಅವನು ಹಾಳೆಯನ್ನು ನೋಡಿ, ತನ್ನ ಹೆಬ್ಬೆಟ್ಟನ್ನು ನೋಡಿ, ಮತ್ತೆ ಹಾಳೆಯನ್ನು ನೋಡಿ, “ನೀರೂ ಹತ್ರ ಬರ್ತಿಲ್ವಲ್ಲ ಸಾರ್,” ಅಂದ. ಜಗಳವಾಡಲಿಲ್ಲ, ಅಳಲಿಲ್ಲ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೊರಗೆ ಹೋದ. ಅದೇ ಸಂಜೆ ಎತ್ತಪ್ಪ ಗೈಡಿಗೆ ಕಾಗದ ಬರೆದು, ದೋಷದ ಮೂಲ ಸಿಕ್ಕಿದೆ, ನಿವಾರಿಸಲಾಗಿದೆ ಎಂದು ತಿಳಿಸಿದ.

ಈಗ ಮಾರ್ಚಿ ತಿಂಗಳು. ಚುನಾವಣೆ ಮುಗಿದು ಗೋಡೆಗಳ ಮೇಲಿನ ಘೋಷಣೆಗೆ ಸುಣ್ಣ ಬಳಿಯುತ್ತಿದ್ದರು. ನಿವಾರಿಸಲಾದ ದೋಷ ತೊಂಬತ್ತೊಂದು ಡಿಗ್ರಿಯಲ್ಲಿ ಎದುರಿಗೆ ಕೂತಿತ್ತು. ಎತ್ತಪ್ಪ ಇದುವರೆಗೆ ಮಾಡದಿದ್ದ ಒಂದು ಕೆಲಸ ಮಾಡಿದ. ಯಾಕೆ ಮಾಡಿರಲಿಲ್ಲ ಎಂದರೆ, ದೋಷ ಯಾರದೆಂದು ಗೊತ್ತಾದ ಮೇಲೆ ದೋಷ ಯಾವುದೆಂದು ಹುಡುಕುವ ಗೋಜಿಗೆ ಯಾರು ಹೋಗುತ್ತಾರೆ? ಕೆಟ್ಟುಹೋದ ಹತ್ತು ಪಟ್ಟಿಗಳನ್ನು ಕ್ಲೋರೋಫಾರ್ಮಿನಲ್ಲಿ ತೊಳೆದು, ಆ ದ್ರವವನ್ನು ಗಡಿಯಾರದ ಗಾಜಿನಂಥ ಒಂದು ತಟ್ಟೆಯಲ್ಲಿಟ್ಟು ಬಿಸಿನೀರ ಮೇಲೆ ಆರಿಸಿದ. ತಳದಲ್ಲಿ ಹಳದಿಯ ಒಂದು ತೆಳ್ಳನೆಯ ಜಿಡ್ಡು ಉಳಿಯಿತು. ಉಗುರಿಗೆ ಹತ್ತುವಷ್ಟೂ ಇರಲಿಲ್ಲ. ಬಗ್ಗಿ ಮೂಸಿದ.

ಹುಟ್ಟೂರು ಮತ್ತೋಡಿನ ಹೊಲದಲ್ಲಿ ಕುರಿಮಂದೆ ತರುಬಿದ ಬೆಳಗು. ಇಬ್ಬನಿಗೆ ನೆನೆದ ಕುರಿಗಳು ಬಿಸಿಲಿಗೆ ಆರುತ್ತಾ ಉಗಿಯಾಡುತ್ತಿವೆ. ಅಪ್ಪ ತೊಡೆಯ ಸಂದಿಯಲ್ಲಿ ಕುರಿಯ ತಲೆ ಅಮುಕಿಕೊಂಡು ಕತ್ತರಿ ಆಡಿಸುತ್ತಿದ್ದಾನೆ, ಉಣ್ಣೆ ಮಡಿಚಿ ಮಡಿಚಿ ಬೀಳುತ್ತಿದೆ, ಏಳು ವರ್ಷದ ಎತ್ತಪ್ಪ ಅದನ್ನು ಬಾಚಿ ತಬ್ಬಿಕೊಂಡರೆ ಕೈಯೆಲ್ಲ ಎಣ್ಣೆ ಎಣ್ಣೆ, ಆ ಕೈಯಲ್ಲೇ ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ. ಹಾಸ್ಟೆಲಿನ ಟ್ರಂಕಿನ ವಾಸನೆ. “ಬ್ಯಾ.” ಎತ್ತಪ್ಪ ತಟ್ಟೆಯಿಂದ ಮುಖ ಎತ್ತಿದ. ಪರೀಕ್ಷೆ ಮುಂದುವರಿಸಿದ, ಮೂಗನ್ನು ನಂಬಲು ಅವನಿಗೆ ಮನಸ್ಸಿರಲಿಲ್ಲ. ಜಿಡ್ಡನ್ನು ಮತ್ತೆ ಕರಗಿಸಿ ಗಾಜಿನ ನಳಿಕೆಗೆ ಇಳಿಸಿ, ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ, ನಳಿಕೆಯ ಗೋಡೆಗುಂಟ ಎರಡು ಹನಿ ಗಂಧಕಾಮ್ಲ ಬಿಟ್ಟ. ಪ್ರಾಣಿಯ ಮೈಯ ಜಿಡ್ಡಾದರೆ ಹಸಿರಾಗುತ್ತದೆ. ಕ್ಯಾಂಟೀನಿನಿಂದ ತಂದ ಶೇಂಗಾ ಎಣ್ಣೆಯನ್ನು ಪಕ್ಕದ ನಳಿಕೆಯಲ್ಲಿಟ್ಟು ಅದಕ್ಕೂ ಅದನ್ನೇ ಮಾಡಿದ. ಎಣ್ಣೆ ಕಂದಾಗಿ ಅಲ್ಲೇ ನಿಂತಿತು. ಪಟ್ಟಿಯ ಜಿಡ್ಡು ಮೊದಲು ನಸುಗೆಂಪಾಯಿತು, ನೀಲಿಯಾಯಿತು, ನೋಡನೋಡುತ್ತ ಬೇವಿನೆಲೆಯ ಹಸಿರಿಗೆ ತಿರುಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎತ್ತಪ್ಪನ ಕಣ್ಣು ತನ್ನಷ್ಟಕ್ಕೆ ತಾನೇ ಪಟ್ಟಿಗಳನ್ನಿಡುವ ಬಿಸ್ಕತ್ತು ಡಬ್ಬಿಯ ಕಡೆ ಹೋಯಿತು.

ಡಬ್ಬಿಯ ತಳದಲ್ಲಿ, ಸೋಸುಕಾಗದದ ಅಡಿಯಲ್ಲಿ, ನಾಲ್ಕು ಮಡಿಕೆಯಾಗಿ ಒಂದು ಕರಿಕಂಬಳಿ ಇತ್ತು. ಮಗು ಹೊದೆಯುವಷ್ಟು ಚಿಕ್ಕದು, ಕೂಸಾಗಿದ್ದಾಗ ಅವನೇ ಹೊದ್ದು ಮಲಗಿದ್ದದ್ದು. ಯಂತ್ರ ಜೋಡಿಸಿದ ವಾರ ಊರಿಂದ ಅವ್ವ ಮಲ್ಲಕ್ಕ ಬಂದಿದ್ದಳು. ಗಾಜಿನ ಗುಮ್ಮಟವನ್ನು ಸುತ್ತು ಹಾಕಿ ನೋಡಿ, “ಬರೇ ಹಲಗೆ ಮ್ಯಾಗೆ ಕುಂಡ್ರಿಸಿದೀಯಲ್ಲಪ್ಪ, ಗದ್ದುಗೆ ಇಲ್ದೆ ಏನು ನೆಲೆ ನಿಂತಾತು?” ಎಂದು, ಕೈಚೀಲದಿಂದ ಈ ಕಂಬಳಿ ತೆಗೆದು ಹಾಸಿ, ಅರಿಶಿನದ ಭಂಡಾರ ಚೆಲ್ಲಿ, ಅದರ ಮೇಲೆ ಯಂತ್ರ ಇಡಿಸಿದಳು. ಕುರುಬರ ಮನೆಯಲ್ಲಿ ದೇವರಾಗಲಿ, ಮದುಮಗನಾಗಲಿ, ನ್ಯಾಯ ಹೇಳುವ ಹಿರಿಯನಾಗಲಿ, ಕಂಬಳಿ ಗದ್ದುಗೆ ಇಲ್ಲದೆ ಕೂರುವುದುಂಟೇ? ಅವ್ವನನ್ನು ಬಸ್ಸು ಹತ್ತಿಸಿ ಬಂದವನೇ ಎತ್ತಪ್ಪ, ಈರಬಸಪ್ಪ ನೋಡುವ ಮೊದಲು ಅದನ್ನು ಎಳೆದು ತೆಗೆದಿದ್ದ. ಮನೆಗೆ ವಾಪಸು ಒಯ್ಯಲು ಭಯ, ಬಿಸಾಡಲು ಅದಕ್ಕಿಂತ ಭಯ. ಭಂಡಾರ ಕೊಡವಿ, ಡಬ್ಬಿಯ ತಳದಲ್ಲಿ ಮಡಿಚಿಟ್ಟು ಕಾಗದ ಮುಚ್ಚಿದ. ಯಂತ್ರದ ಕೆಳಗಲ್ಲದಿದ್ದರೂ ಯಂತ್ರದ ಕೋಣೆಯಲ್ಲೇ ಇದೆ. ಅವ್ವನ ಮಾತೂ ಉಳಿಯಿತು, ತನ್ನ ಮಾನವೂ ಉಳಿಯಿತು ಎಂದುಕೊಂಡ. ಮತ್ತೋಡಿನಲ್ಲಿ ಕಂಬಳಿಯ ಉಣ್ಣೆಯನ್ನು ಸೋಪು ಹಾಕಿ ತೊಳೆಯುವುದಿಲ್ಲ; ಜಿಡ್ಡಿದ್ದರೇ ಅಲ್ಲವೇ ಮಳೆ ಒಳಗೆ ಇಳಿಯದಿರುವುದು! ಕಾಲೇಜಿದ್ದ ದುರ್ಗದ ಬಿಸಿಲಿಗೆ ತಗಡಿನ ಡಬ್ಬಿ ಕಾದು, ಆ ಜಿಡ್ಡು ಕಾಗದ ದಾಟಿ, ಒಂದೊಂದೇ ಪಟ್ಟಿಗೆ ಏರಿತ್ತು. ಇಷ್ಟು ತಿಳಿಯಲು ಪಿಎಚ್.ಡಿ. ಬೇಕಿರಲಿಲ್ಲ, ಮಂದೆ ಕಾಯುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಅವನು ಸ್ಟೂಲಿನ ಮೇಲೆ ಕೂತ. ಗೊತ್ತಿರಲಿಲ್ಲ, ಪಾಪ, ಏನು ಮಾಡುವುದು, ಗೊತ್ತಿಲ್ಲದೆ ಆದ ತಪ್ಪು ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡ ಬೆನ್ನಲ್ಲೇ, ಎಂಟು ತಿಂಗಳಿಂದ ಅವನು ಹತ್ತಿರ ಸುಳಿಯಲು ಬಿಡದಿದ್ದ ಇನ್ನೊಂದು ಬೆಳಗು ಬಂತು. ಪ್ರಿನ್ಸಿಪಾಲರ ಕೋಣೆಗೆ ಹೋಗುವ ಮುಂಚೆ, ಇದೇ ಮೇಜಿನ ಮೇಲೆ, ಅವನು ಹಾಳೆಯ ಮೂಲೆಯಲ್ಲಿ ತನ್ನ ಹೆಬ್ಬೆಟ್ಟು ಒತ್ತಿ ನೀರು ಬಿಟ್ಟು ನೋಡಿದ್ದ. ನೀರು ಅವನ ಹೆಬ್ಬೆಟ್ಟಿನಿಂದಲೂ ದೂರ ಸರಿದಿತ್ತು. ಯಾರ ಹೆಬ್ಬೆಟ್ಟಾದರೂ ಸರಿಯುತ್ತದೆ. ಹನುಮಂತಯ್ಯನವರದೂ, ಆಗ ತಾನೇ ಹುಟ್ಟಿದ ಕೂಸಿನದೂ. ಅವನು ಆ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ಉಳಿದ ಹಾಳೆಯನ್ನು ಹಿಡಿದುಕೊಂಡು ಹೋಗಿದ್ದ. ಅಷ್ಟೇ ನಡೆದದ್ದು. ಗೊತ್ತಿಲ್ಲದೆ ಆದ ತಪ್ಪಂತೆ! ಎತ್ತಪ್ಪ ಸ್ಟೂಲಿನಿಂದ ಎದ್ದ. ಹನ್ನೊಂದೂವರೆಯ ಪಾಠ ಬಿಟ್ಟು, ಕೋಣೆಗೆ ಬೀಗ ಹಾಕಿ, ಕೆಂಚಣ್ಣನ ಊರು ಭರಮಸಾಗರದ ಬಸ್ಸು ಹಿಡಿದ.

ಬಸ್ಸಿನಲ್ಲಿ ಅವನ ಪಕ್ಕ ಕೂತವನು ಮೆಣಸಿನಕಾಯಿ ಚೀಲ ಇಟ್ಟುಕೊಂಡಿದ್ದು, ಇಬ್ಬರೂ ಸೀನುತ್ತಾ ಹೋದರು. ಹೇಳಬೇಕಾದದ್ದನ್ನು ಎತ್ತಪ್ಪ ಸಾಲಾಗಿ ಜೋಡಿಸಿಕೊಳ್ಳುತ್ತಿದ್ದ. ಕೆಂಚಣ್ಣ, ನಿನ್ನ ಕೈಯಲ್ಲಿ ದೋಷ ಇರಲಿಲ್ಲ. ಇದು ಸುಲಭ. ದೋಷ ನನ್ನ ಕಂಬಳಿಯದು. ಇದು ಕಷ್ಟ, ಈರಬಸಪ್ಪ ಇದನ್ನು ಕೇಳಿದರೆ ನಗುನಗುತ್ತಾ ಸಾಯುತ್ತಾನೆ, ಪ್ಲಾಸ್ಮಾಕ್ಕೆ ಕಂಬಳಿ ಹೊದಿಸಿದ ಮೇಷ್ಟ್ರು ಎಂಬ ಹೆಸರು ರಿಟೈರಾದರೂ ಹೋಗುವುದಿಲ್ಲ. ಹೆಬ್ಬೆಟ್ಟಿನ ಮೋಸ ನನಗೆ ಮೊದಲೇ ಗೊತ್ತಿತ್ತು. ಇದನ್ನು ಹೇಳುವ ಬಾಯಿ ಅವನಿಗೆ ಇತ್ತೇ? ಮೂರನೆಯದನ್ನು ಬಿಟ್ಟು ಮೊದಲೆರಡು ಹೇಳಿದರೆ ಸಾಕೇ? ಬಸ್ಸು ಕೆರೆ ಏರಿಯ ಹತ್ತಿರ ನಿಂತಾಗ ಇನ್ನೂ ಲೆಕ್ಕ ಹರಿದಿರಲಿಲ್ಲ.

ಕೆಂಚಣ್ಣನ ಮನೆ ಕೇಳಿದ ಕೂಡಲೇ ಒಬ್ಬ ಮುದುಕ, “ಬೆರ್ಳಿಗೆ ಬಟ್ಟೆ ಸುತ್ಕಂಡಿರೋ ಕೆಂಚಣ್ಣನಾ?” ಎಂದು ಕೇಳಿ ದಾರಿ ತೋರಿಸಿದ. ಜಗುಲಿಯ ಮೇಲೆ ಅವನ ಹೆಂಡತಿ ಏಕನಾಥಮ್ಮ ಬಿತ್ತನೆಯ ಶೇಂಗಾ ಒಡೆಯುತ್ತಾ ಕೂತಿದ್ದಳು. ಕೆಂಚಣ್ಣ ಒಂದು ಮಾರು ದೂರದಲ್ಲಿ, ಕಂಬಕ್ಕೆ ಒರಗಿ, ಸುಮ್ಮನೆ ಕೂತಿದ್ದ. ಅವನ ಬಲಗೈಯ ಹೆಬ್ಬೆಟ್ಟಿಗೆ ಬಿಳಿ ಬಟ್ಟೆಯ ಚೂರು ಸುತ್ತಿತ್ತು. ಎತ್ತಪ್ಪನನ್ನು ಕಂಡವನೇ ಗಡಬಡಿಸಿ ಎದ್ದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಬರ್ರಿ ಸಾರ್, ಬರ್ರಿ, ಕುಂತ್ಕಳ್ರಿ. ಏ, ಚಾಪೆ ಹಾಕೇ. ನಾನು ಮುಟ್ಟಂಗಿಲ್ಲ, ನೀನೇ ಹಾಕು.”

“ಕೈಗೆ ಏನಾಯ್ತು ಕೆಂಚಣ್ಣ?”

“ಏನಿಲ್ಲ ಸಾರ್. ಹಿಂಗೇ ಇರ್ಲಿ ಅಂತ.”

“ಏನಿಲ್ಲ ಅಂತೆ!” ಏಕನಾಥಮ್ಮ ಶೇಂಗಾ ಒಡೆಯುವುದನ್ನು ನಿಲ್ಲಿಸಲಿಲ್ಲ. “ನೀವು ಮಾಡಿದ್ದೇ ಆತಲ್ಲ ಸ್ವಾಮಿ. ಆವತ್ತಿಂದ ಈ ಮನುಷ್ಯ ಹಾಲಿನ ಚೆಂಬು ಮುಟ್ಟಂಗಿಲ್ಲ, ಬಿತ್ತನೆ ಕಾಳು ಮುಟ್ಟಂಗಿಲ್ಲ. ಮಗಳು ಬಾಣಂತನಕ್ಕೆ ಬಂದು ಮೂರು ತಿಂಗ್ಳು ಇದ್ಲು, ಕೂಸನ್ನ ಒಂದು ದಿನಾನೂ ಎತ್ಕಳ್ಲಿಲ್ಲ. ನನ್ನ ಕೈಗೆ ನೀರೇ ಹತ್ತಲ್ಲ, ಮಗೀಗೇನಾರ ಆದ್ರೆ ಅಂತಾನೆ. ನೀರು ಹತ್ತದೆ ಇರೋ ಕೈ ಲೋಕದಾಗೆ ಐತಾ?”

“ಮಿಷಿನ್ನೇ ಹೇಳ್ತಲ್ಲೇ,” ಎಂದ ಕೆಂಚಣ್ಣ, ಮಗುವಿಗೆ ತಿಳಿಸಿ ಹೇಳುವವನ ಹಾಗೆ. “ಸಾರು ಬೇಕಂತ ಮಾಡಿದ್ರಾ? ಮಿಷಿನ್ನಿಗೆ ನನ್ ಮೇಲೆ ಹಗೆ ಐತಾ? ಎಲ್ರೂ ನೋಡಿದ್ರು. ನಾನೇ ನೋಡ್ದೆ.”

ಎತ್ತಪ್ಪ ಚಾಪೆಯ ಮೇಲೆ ಕೂತ. ಅವನಿಗೆ ಅಳು ಬಂತು, ನಿಜವಾಗಿ ಬಂತು, ಈ ಮನುಷ್ಯನ ಕಾಲು ಹಿಡಿಯಬೇಕೆನಿಸಿತು. ಕೂಸನ್ನು ಎತ್ತಿಕೊಳ್ಳದ ಮೂರು ತಿಂಗಳು! ಪ್ರಯೋಗಶಾಲೆಯಲ್ಲಿ ತನ್ನನ್ನು ಹಿಂಬಾಲಿಸುತ್ತಿದ್ದ ಕೈ ಇಲ್ಲಿ ಬಟ್ಟೆ ಸುತ್ತಿಕೊಂಡು, ಯಾರನ್ನೂ ಮುಟ್ಟದೆ, ತನ್ನ ಪಾಡಿಗೆ ತಾನು ಹೆದರಿ ಕೂತಿತ್ತು. ಒಂದು ಮಾತು ಹೇಳಿದರೆ ಆ ಬಟ್ಟೆ ಬಿಚ್ಚುತ್ತದೆ. ಅವನು ಬಾಯಿ ತೆರೆದ. ಕೆಂಚಣ್ಣ ಎಷ್ಟು ಭಕ್ತಿಯಿಂದ ಅವನ ಮುಖ ನೋಡುತ್ತಿದ್ದನೆಂದರೆ, ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು.

“ಆವತ್ತಿನ ವಿಷಯ ಪ್ರಿನ್ಸಿಪಾಲರ ಹತ್ತಿರ ಮಾತಾಡಬೇಕು. ನೀನೂ ಬಾ. ಈಗಲೇ ಹೋಗಾಣ.”

ಏಕನಾಥಮ್ಮನ ಕೈ ನಿಂತಿತು. “ಒಳ್ಳೆ ಮಾತೋ, ಕೆಟ್ಟ ಮಾತೋ?”

“ಒಳ್ಳೇದೇ.”

“ಹಂಗಾರೆ ಇಲ್ಲೇ ಹೇಳ್ರಿ. ನಮ್ಗೂ ಕಿವಿ ಅವೆ.”

“ಅಲ್ಲಿ ಅಂದದ್ದನ್ನ ಅಲ್ಲೇ ತೆಗೀಬೇಕಮ್ಮ. ಎಲ್ಲರ ಮುಂದೆ.”

ಅವಳು ಅವನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದಳು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಗಾದೆಯನ್ನು ಈಗ ಹೇಳುತ್ತಾಳೆ ಎಂದು ಎತ್ತಪ್ಪ ಕಾದ. ಅವಳು ಹೇಳಲಿಲ್ಲ. “ಅದು ನ್ಯಾಯದ ಮಾತು,” ಅಂದಳು. ಮಡಿಲಿನ ಸಿಪ್ಪೆ ಕೊಡವಿ ಎದ್ದಳು. “ನಾನೂ ಬರ್ತೀನಿ. ಕೇಳ್ಬೇಕು ನಾನು.”

ಹೊರಡುವ ಮುಂಚೆ ಕೆಂಚಣ್ಣ ಒಳಗೆ ಹೋಗಿ ಖಾಕಿ ಅಂಗಿ ಹಾಕಿಕೊಂಡು ಬಂದ. ಮಡಿಕೆ ಮುರಿಯದಂತೆ ಎಂಟು ತಿಂಗಳು ಪೆಟ್ಟಿಗೆಯಲ್ಲಿಟ್ಟಿದ್ದು ಕಾಣುತ್ತಿತ್ತು. ಬಸ್ಸಿನಲ್ಲಿ ಅವನು ಕಂಬಿ ಹಿಡಿಯದೆ ನಿಂತು, ಎರಡು ಸಲ ಬೀಳಲು ಹೋದ. ಸೀಟು ಸಿಕ್ಕಾಗ ಮೊದಲು ಹೆಂಡತಿಯನ್ನು ಕೂರಿಸಿದ. ಎತ್ತಪ್ಪ ಹಿಂದಿನ ಸೀಟಿನಿಂದ ಇಬ್ಬರ ತಲೆಗಳನ್ನೂ ನೋಡುತ್ತಾ, ಇಲ್ಲ, ಮೂರನ್ನೂ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡ. ಮಗು ಎತ್ತಿಕೊಳ್ಳದವನ ಮುಂದೆ ತನ್ನ ಮಾನ ಯಾವ ಲೆಕ್ಕ? ಅವನ ಎದೆ ಬಹಳ ದಿನಗಳ ಮೇಲೆ ಹಗುರಾಯಿತು. ಹಗುರಾದದ್ದು ಎಷ್ಟು ಸುಖವಾಗಿತ್ತೆಂದರೆ, ಹೇಳುವುದು ಆಗಿಯೇ ಹೋಯಿತೇನೋ ಅನ್ನಿಸುವಷ್ಟು. ದುರ್ಗದ ಕೋಟೆಯ ಬಂಡೆಗಳು ಕಂಡಾಗ ಏಕನಾಥಮ್ಮ ಬಸ್ಸಿನೊಳಗಿಂದಲೇ ಕೈ ಮುಗಿದಳು, ಬೆಟ್ಟದ ಮೇಲಿನ ತನ್ನ ಹೆಸರಿನ ದೇವಿಗೆ.

ಪ್ರಿನ್ಸಿಪಾಲರ ಕೋಣೆಯಲ್ಲಿ ಈರಬಸಪ್ಪ ಕೂತು ಪೇಪರು ಓದುತ್ತಿದ್ದ. ಏಕನಾಥಮ್ಮ ಬಾಗಿಲ ಬಳಿ ನಿಂತಳು. ಎತ್ತಪ್ಪನ ಹಿಂದೆ ಕೆಂಚಣ್ಣ ಬಂದದ್ದನ್ನು ಕಂಡು ಹನುಮಂತಯ್ಯನವರು ಪೆನ್ನು ಕೆಳಗಿಟ್ಟರು.

“ಸಾರ್, ಕೆಂಚಣ್ಣನ ವಿಷಯ,” ಎಂದು ಎತ್ತಪ್ಪ ಶುರುಮಾಡಿದ. “ಆವತ್ತು ನಾನು ಹೇಳಿದ್ದು…”

“ಗೊತ್ತಾಯ್ತು ಕಣ್ರಿ, ಗೊತ್ತಾಯ್ತು.” ಹನುಮಂತಯ್ಯನವರು ಕೈ ಎತ್ತಿದರು. “ನಾನೇ ನಿಮ್ಮನ್ನ ಕರೆಸಬೇಕು ಅಂತಿದ್ದೆ. ಕಾಲ ಬದಲಾಯ್ತಲ್ಲಪ್ಪ, ಎಮರ್ಜೆನ್ಸೀಲಿ ತೆಗೆದವರ ಪಟ್ಟಿ ಕೇಳ್ತಿದಾರೆ ಮೇಲಿನೋರು. ಇವನನ್ನ ತಗೊಳ್ಳೋಣ ಅಂದ್ರೆ ನೀವೆಲ್ಲಿ ಬೇಜಾರು ಮಾಡ್ಕೊತೀರೋ ಅಂತ ಸುಮ್ಮನಿದ್ದೆ. ನಿಮ್ಮ ವರ್ಷಗಟ್ಟಲೆ ಕೆಲಸ ಹಾಳು ಮಾಡ್ದೋನು! ನೀವೇ ಹೋಗಿ ಕರ್ಕೊಂಡು ಬಂದಿದೀರಿ. ದೊಡ್ಡ ಮನಸ್ಸು ಕಣ್ರಿ ನಿಮ್ಮದು. ಏನಂತೀರಿ ಈರಬಸಪ್ಪ?”

“ಎಷ್ಟು ಜನ ಹಿಂಗೆ ಕ್ಷಮಿಸ್ತಾರೆ ಸಾರ್?” ಎಂದ ಈರಬಸಪ್ಪ, ಪೇಪರು ಮಡಿಚಿ. ಅವನ ದನಿಯಲ್ಲಿ ಹಾಸ್ಯವಿರಲಿಲ್ಲ. ಎತ್ತಪ್ಪ ಈ ಕಾಲೇಜಿಗೆ ಬಂದು ಆರು ವರ್ಷವಾಗಿತ್ತು. ಈರಬಸಪ್ಪ ಅವನ ವಿಷಯಕ್ಕೆ ಹಾಸ್ಯವಿಲ್ಲದೆ ಮಾತಾಡಿದ್ದು ಇದೇ ಮೊದಲು. ಅಲ್ಲ ಸಾರ್, ಹಾಗಲ್ಲ, ಎಂಬ ಮಾತು ಎತ್ತಪ್ಪನ ಗಂಟಲಿನವರೆಗೆ ಬಂದಿತ್ತು. ಇನ್ನೊಂದು ಗಳಿಗೆ ಇರಲಿ, ಪ್ರಿನ್ಸಿಪಾಲರು ಮಾತು ಮುಗಿಸಲಿ, ಮೊದಲು ಕೆಲಸವೊಂದು ಖಾತ್ರಿಯಾಗಲಿ, ಅದೇ ತಾನೇ ಕೆಂಚಣ್ಣನಿಗೆ ಮುಖ್ಯ, ಆಮೇಲೆ ನಿಧಾನವಾಗಿ, ಸರಿಯಾಗಿ, ಎಂದು ಅವನು ತಡೆದ. ಹನುಮಂತಯ್ಯನವರು ಗುಮಾಸ್ತನನ್ನು ಕೂಗಿದರು. ನಾಳೆಯಿಂದಲೇ ಬರಲಿ ಎಂದರು. ನಿನ್ನ ಪುಣ್ಯ ಕಣಯ್ಯಾ, ಇಂಥ ಮೇಷ್ಟ್ರು ಸಿಕ್ಕಿದ್ದಾರೆ, ಇನ್ನು ಮೇಲಾದರೂ ಕೈ ಚೊಕ್ಕಟವಾಗಿಟ್ಟುಕೋ ಎಂದು ಕೆಂಚಣ್ಣನಿಗೆ ಬುದ್ಧಿ ಹೇಳಿದರು. ಕೆಂಚಣ್ಣ ಅದಕ್ಕೆಲ್ಲ ತಲೆಯಾಡಿಸುತ್ತಾ, ಅವರು ಹೇಳಿ ಮುಗಿಸಿದ ಮೇಲೆ, ಎತ್ತಪ್ಪನ ಮುಂದೆ ಬಂದು ಬಗ್ಗಿದ. ಐವತ್ತು ದಾಟಿದ ಮನುಷ್ಯ, ಕೂದಲು ಅರ್ಧ ನೆರೆತಿತ್ತು. ಪಾದದತ್ತ ಚಾಚಿದ ಕೈಯನ್ನು ಗೇಣು ದೂರದಲ್ಲೇ ನಿಲ್ಲಿಸಿ, ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

“ತಪ್ಪಾತು ಸಾರ್,” ಅಂದ. “ನಿಮ್ಗೆ ಬಾಳ ನಷ್ಟ ಮಾಡ್ದೆ.”

ಬಾಗಿಲಲ್ಲಿ ಏಕನಾಥಮ್ಮ ಎತ್ತಪ್ಪನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. ಅವಳು ಗಂಡನ ಕಡೆ ನೋಡಲಿಲ್ಲ, ಪ್ರಿನ್ಸಿಪಾಲರಿಗೆ ಕೈ ಮುಗಿಯಲಿಲ್ಲ, ಇಪ್ಪತ್ತೈದು ಕಿಲೋಮೀಟರು ಬಂದದ್ದು ಯಾವ ಮಾತಿಗೋ ಆ ಮಾತಿಗೆ ಕಾಯುತ್ತಿದ್ದಳು. ಇನ್ನೂ ಹೊತ್ತು ಮೀರಿರಲಿಲ್ಲ. ಎತ್ತಪ್ಪ ಗಂಟಲು ಸರಿಮಾಡಿಕೊಂಡ, ಬಗ್ಗಿ ಕೆಂಚಣ್ಣನ ಭುಜ ಹಿಡಿದು ಎಬ್ಬಿಸಿದ.

“ಇರಲಿ ಬಿಡು, ಕೆಂಚಣ್ಣ,” ಅಂದ.